ಬೇಸಿಗೆಯ ಕೊಳ, ನಸುಕಿನ ಉಸಿರು: ಮೀನು ಸಾಕುವ ತಿಳಿವಳಿಕೆ ಕನ್ನಡದಲ್ಲೂ ಬರಲಿ

ಕಾಸರಗೋಡಿನ ಮನೆಯಂಗಳದ ಮೀನುಕೊಳಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳು ಕಠಿಣ ಪರೀಕ್ಷೆಯ ಕಾಲ. ಹಗಲಿಡೀ ಕಾದ ನೀರು ರಾತ್ರಿಯಾದರೂ ಪೂರ್ತಿ ತಣಿಯುವುದಿಲ್ಲ. ನಡುರಾತ್ರಿ ಕರೆಂಟು ಹೋಗುತ್ತದೆ. ಬೆಳಗಾಗುವಾಗ ತಿಂಗಳುಗಟ್ಟಲೆ ತಿನ್ನಿಸಿ ಬೆಳೆಸಿದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. "ಬಿಸಿಲಿಗೆ ಸತ್ತವು" ಎಂಬ ಒಂದೇ ಮಾತಿನಲ್ಲಿ ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಬಿಸಿಲು ಇಳಿದು ಹತ್ತು ಗಂಟೆ ಕಳೆದ ಮೇಲೆ, ಇಡೀ ದಿನದಲ್ಲಿ ನೀರು ಅತ್ಯಂತ ತಂಪಾಗಿರುವ ನಸುಕಿನ ಹೊತ್ತಿನಲ್ಲಿಯೇ ಮೀನು ಸಾಯುವುದೇಕೆ? ಈ ಪ್ರಶ್ನೆಯ ಉತ್ತರ ತಿಳಿದ ಮನೆಯಲ್ಲಿ ನಷ್ಟದ ಬಹುಪಾಲನ್ನು ತಪ್ಪಿಸಬಹುದು. ಆ ಉತ್ತರದ ಮೂಲಪಾಠ ಕನ್ನಡ ಮಾಧ್ಯಮದ ನಮ್ಮ ಮಕ್ಕಳ ವಿಜ್ಞಾನ ಪುಸ್ತಕದಲ್ಲಿಯೇ ಇದೆ. ಅದು ಕೊಳದ ದಡವನ್ನು ತಲುಪಬೇಕಾಗಿದೆ.

ಪ್ರಶ್ನೆ ಈಗ ಏಕೆ ತುರ್ತಾಗಿದೆ

ಮೀನು ಸಾಕಣೆ ನಮ್ಮ ಪ್ರದೇಶಕ್ಕೆ ಹೊಸತಲ್ಲವಾದರೂ ಅದು ಅಡಿಕೆ ತೋಟದ ಮನೆಗಳ ಅಂಗಳಕ್ಕೆ ವ್ಯಾಪಕವಾಗಿ ಬಂದದ್ದು ಇತ್ತೀಚೆಗೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಕೇರಳ ಸರಕಾರ ಆರಂಭಿಸಿದ ಸುಭಿಕ್ಷ ಕೇರಳಂ ಯೋಜನೆ ತರಕಾರಿ, ಹೈನುಗಾರಿಕೆಗಳ ಜೊತೆಗೆ ಮೀನು ಸಾಕಣೆಗೂ ಉತ್ತೇಜನ ನೀಡಿತು. ನೆಲ ಅಗೆದು ಟಾರ್ಪಾಲಿನ್ ಹಾಸಿ ಮಾಡುವ ಪಡುದಾ ಕೊಳಗಳು ಮತ್ತು ಬಯೋಫ್ಲಾಕ್ ತೊಟ್ಟಿಗಳು ಜನರಿಗೆ ಪರಿಚಿತವಾದವು. ಊರಿಗೆ ಮರಳಿದ ಗಲ್ಫ್ ಉದ್ಯೋಗಿಗಳೂ ಕೆಲಸವಿಲ್ಲದ ಯುವಕರೂ ಇದರಲ್ಲಿ ಒಂದು ಬದುಕನ್ನು ಕಂಡರು. ಮಂಜೇಶ್ವರದಿಂದ ದೇಲಂಪಾಡಿಯವರೆಗೆ ನಮ್ಮ ಕನ್ನಡ ಕುಟುಂಬಗಳು ಅಡಿಕೆಯ ಬೆಲೆಯನ್ನೂ ಹಳದಿ ರೋಗವನ್ನೂ ನೆನೆದು ಆತಂಕಪಡುವ ಈ ಕಾಲದಲ್ಲಿ, ಮನೆಯ ಹಿಂದಿನ ಒಂದು ಕೊಳ ಮಕ್ಕಳ ಶಾಲಾ ಖರ್ಚಿಗೆ ಆಧಾರವಾಗಬಲ್ಲದು.

ಅದೇ ಹೊತ್ತಿನಲ್ಲಿ ಬೇಸಿಗೆಯ ಸ್ವರೂಪ ಬದಲಾಗಿದೆ. 2024ರ ಏಪ್ರಿಲ್‌ನಲ್ಲಿ ಪಾಲಕ್ಕಾಡ್, ತೃಶೂರು, ಕೊಲ್ಲಂ ಜಿಲ್ಲೆಗಳಿಗೆ ಹವಾಮಾನ ಇಲಾಖೆ ಉಷ್ಣ ಅಲೆಯ ಎಚ್ಚರಿಕೆ ನೀಡಬೇಕಾಯಿತು. ಆ ವರ್ಷದ ಮೇ ಆರಂಭದಲ್ಲಿ ಕೇರಳದ ವಿದ್ಯುತ್ ಬೇಡಿಕೆ 5,700 ಮೆಗಾವ್ಯಾಟ್ ದಾಟಿ ಹೊಸ ದಾಖಲೆಯಾಯಿತು. ರಾಜ್ಯವ್ಯಾಪಿ ಲೋಡ್ ಶೆಡ್ಡಿಂಗ್ ಘೋಷಣೆಯಾಗದಿದ್ದರೂ ಕೆಲವು ಕಡೆಗಳಲ್ಲಿ ರಾತ್ರಿಯ ಹೊತ್ತು ನಿಯಂತ್ರಣ ಬಂದಿತು. ಫ್ಯಾನಿಲ್ಲದೆ ಮನುಷ್ಯರು ನಿದ್ದೆಗೆಟ್ಟರೆ ಅದು ಸುದ್ದಿಯಾಗುತ್ತದೆ. ಅದೇ ಗಂಟೆಗಳಲ್ಲಿ ಗಾಳಿಯ ಪಂಪ್ ನಿಂತು ತೊಟ್ಟಿಯ ಮೀನು ಸತ್ತರೆ, ಅದು ಆ ಮನೆಯವರ ಖಾಸಗಿ ದುಃಖವಾಗಿಯೇ ಉಳಿಯುತ್ತದೆ.

ನೀರಿನೊಳಗಿನ ಗಾಳಿಯ ಲೆಕ್ಕ

ಮೀನಿಗೆ ಬೇಕಾದ ಆಮ್ಲಜನಕ ನೀರಿನಲ್ಲಿ ಕರಗಿರಬೇಕು. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳಬಲ್ಲದ್ದು 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 9 ಮಿಲಿಗ್ರಾಂ ಮಾತ್ರ. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. 35 ಡಿಗ್ರಿಯಲ್ಲಿ ಏಳಕ್ಕಿಂತ ತುಸು ಕಡಿಮೆ. ನೀರು ಬಿಸಿಯಾದಷ್ಟೂ ಅದರ ಉಗ್ರಾಣ ಕಿರಿದಾಗುತ್ತದೆ. ಮೀನು ಶೀತರಕ್ತದ ಪ್ರಾಣಿಯಾದುದರಿಂದ ನೀರಿನ ಶಾಖ ಏರಿದಂತೆ ಅದರ ದೇಹದ ವ್ಯಾಪಾರವೂ ಚುರುಕಾಗಿ, ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಹತ್ತು ಡಿಗ್ರಿ ಏರಿದರೆ ಆ ಬೇಡಿಕೆ ಸುಮಾರು ಇಮ್ಮಡಿಯಾಗುತ್ತದೆ. ಆದಾಯ ಇಳಿಯುವಾಗಲೇ ಖರ್ಚು ಏರುವ ಸಂಸಾರದ ಸ್ಥಿತಿ ಅದು.

ಆದರೂ ಏಳು ಮಿಲಿಗ್ರಾಂ ಮೀನಿಗೆ ಧಾರಾಳವಾಗಿ ಸಾಕು. ಕಾಟ್ಲಾ, ರೋಹುಗಳಿಗೆ ಲೀಟರಿಗೆ 5 ಮಿಲಿಗ್ರಾಂಗಿಂತ ಮೇಲಿದ್ದರೆ ಸುಖ. ಮೂರಕ್ಕೆ ಇಳಿದರೆ ಅವು ಸೊರಗುತ್ತವೆ. ಒಂದರ ಹತ್ತಿರ ಬಂದರೆ ಸಾಯುತ್ತವೆ. ಹಾಗಾದರೆ ಏಳರಿಂದ ಒಂದಕ್ಕೆ ಇಳಿಯುವುದು ಹೇಗೆ? ಇಲ್ಲಿ ದ್ಯುತಿಸಂಶ್ಲೇಷಣೆಯ ಪಾಠ ಬರುತ್ತದೆ. ಕೊಳದ ನೀರನ್ನು ಹಸುರಾಗಿಸುವ ಸೂಕ್ಷ್ಮ ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಉತ್ಪಾದಿಸುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಕೊಳ ಸಮೃದ್ಧವಾಗಿರುತ್ತದೆ. ಸೂರ್ಯ ಮುಳುಗಿದೊಡನೆ ಉತ್ಪಾದನೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಮೀನು, ಪಾಚಿ, ತಳದ ಕೆಸರನ್ನೂ ತಿನ್ನದೆ ಉಳಿದ ಆಹಾರವನ್ನೂ ಕೊಳೆಯಿಸುವ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಅದೇ ಉಗ್ರಾಣದಿಂದ ತೆಗೆದು ಬಳಸುತ್ತವೆ. ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಉಗ್ರಾಣ ತಳ ಕಾಣುತ್ತದೆ. ನೀರು ಹೆಚ್ಚು ಹಸುರಾಗಿದ್ದಷ್ಟೂ ಹಗಲಿನ ಏರಿಕೆಯೂ ರಾತ್ರಿಯ ಇಳಿಕೆಯೂ ತೀವ್ರವಾಗುತ್ತವೆ.

ಇನ್ನೊಂದು ಅಪಾಯ ನಾವು ಕಾಯುತ್ತಿರುವ ಮಳೆಯ ರೂಪದಲ್ಲಿಯೇ ಬರುತ್ತದೆ. ವಾರಗಟ್ಟಲೆ ಕಾದ ಕೊಳದಲ್ಲಿ ಮೇಲಿನ ನೀರು ಬಿಸಿಯಾಗಿ ಹಗುರಾಗಿರುತ್ತದೆ, ತಳದ ನೀರು ತಂಪಾಗಿ ಭಾರವಾಗಿರುತ್ತದೆ. ತಳದಲ್ಲಿ ಆಮ್ಲಜನಕ ಬಹುತೇಕ ಇರುವುದಿಲ್ಲ. ಮೇ ತಿಂಗಳ ಸಂಜೆಯ ಗುಡುಗುಮಳೆ ಮೇಲಿನ ನೀರನ್ನು ಒಮ್ಮೆಲೇ ತಣಿಸಿದಾಗ ಅದು ಕೆಳಗಿಳಿದು, ತಳದ ಕೆಟ್ಟ ನೀರು ಮೇಲೇಳುತ್ತದೆ. ಮರುದಿನ ಮೋಡ ಮುಸುಕಿದ್ದರೆ ಪಾಚಿಯ ಉತ್ಪಾದನೆಯೂ ಕುಸಿಯುತ್ತದೆ. ಮೊದಲ ಮಳೆಯ ಮರುದಿನ ಬೆಳಗ್ಗೆ ಮೀನು ಸತ್ತಿತೆಂದು ಕೇಳಿದರೆ ಹಿಂದಿನ ಕಾರಣ ಬಹುಮಟ್ಟಿಗೆ ಇದೇ.

ಬಯೋಫ್ಲಾಕ್ ತೊಟ್ಟಿಗೆ ಸಮಯವೇ ಇಲ್ಲ

ಮಣ್ಣಿನ ಕೆರೆಗಿಂತ ಬಯೋಫ್ಲಾಕ್ ತೊಟ್ಟಿ ಹೆಚ್ಚು ಅಪಾಯದಲ್ಲಿದೆ ಎಂಬುದನ್ನು ಒಂದು ಸರಳ ಗುಣಾಕಾರದಿಂದ ತಿಳಿಯಬಹುದು. ನಾಲ್ಕು ಮೀಟರ್ ವ್ಯಾಸದ, ಒಂದು ಮೀಟರ್ ನೀರಿರುವ ತೊಟ್ಟಿಯಲ್ಲಿ ಸುಮಾರು 12,500 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕವಿದ್ದು ಅದು 2ಕ್ಕೆ ಇಳಿಯುವವರೆಗೆ ಬಳಕೆಗೆ ಸಿಗುವುದು 62 ಗ್ರಾಂ. ತೊಟ್ಟಿಯಲ್ಲಿ 200 ಕಿಲೋ ಮೀನಿದ್ದು, ಒಂದು ಕಿಲೋ ಮೀನಿಗೆ ಗಂಟೆಗೆ 300 ಮಿಲಿಗ್ರಾಂ ಎಂದು ಹಿಡಿದರೆ ಗಂಟೆಗೆ 60 ಗ್ರಾಂ ಬೇಕು. ಅಂದರೆ ಕರೆಂಟು ಹೋದ ಒಂದು ಗಂಟೆಗೆ ಉಗ್ರಾಣ ಖಾಲಿ. ಈ ಲೆಕ್ಕದಲ್ಲಿ ನೀರಿನೊಳಗಿನ ಬ್ಯಾಕ್ಟೀರಿಯಾದ ಪಾಲು ಸೇರಿಲ್ಲ. ಬಯೋಫ್ಲಾಕ್ ಎಂದರೆ ಬ್ಯಾಕ್ಟೀರಿಯಾದ ಗಡ್ಡೆಗಳೇ ಆದುದರಿಂದ ಅವುಗಳ ಉಸಿರನ್ನೂ ಸೇರಿಸಿದರೆ ಗಂಟೆಯೂ ತುಂಬುವುದಿಲ್ಲ. ಏಳನೆಯ ತರಗತಿಯ ಮಗು ಮಾಡಬಲ್ಲ ಈ ಗುಣಾಕಾರವನ್ನು ತೊಟ್ಟಿ ಕೊಳ್ಳುವ ಮೊದಲೇ ಮಾಡಿ ನೋಡಬೇಕು.

ಹೀಗಿರುವಾಗ ತೊಟ್ಟಿ, ಮರಿ, ಆಹಾರಗಳಿಗೆ ನೆರವು ನೀಡಿ, ಕರೆಂಟು ಹೋದರೆ ಪಂಪನ್ನು ನಡೆಸುವ ಬದಲಿ ವ್ಯವಸ್ಥೆಯನ್ನು ರೈತನ ಇಚ್ಛೆಗೆ ಬಿಡುವ ಯಾವ ಯೋಜನೆಯೂ ಅರೆಬರೆಯಾದುದು. ಬದಲಿ ವಿದ್ಯುತ್ತನ್ನು ಘಟಕದ ಅಂದಾಜುಪಟ್ಟಿಯ ಅನಿವಾರ್ಯ ಭಾಗವಾಗಿ ಪರಿಗಣಿಸಬೇಕು. ಇದಕ್ಕೆ ತಗಲುವ ವೆಚ್ಚ ಅಸಾಧ್ಯವಾದುದೇನಲ್ಲ. ಮನೆಗಳಲ್ಲಿ ಬಳಸುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಅದರ ಅರ್ಧವನ್ನು ಮಾತ್ರ ಬಳಸಿದರೂ 100 ವ್ಯಾಟ್‌ನ ಗಾಳಿ ಪಂಪ್ ಏಳೆಂಟು ಗಂಟೆ ನಡೆಯುತ್ತದೆ. ಬೇಕಾದ್ದು ಪಂಪಿಗೆ ಪ್ರತ್ಯೇಕವಾದ ಬ್ಯಾಟರಿ, ಮತ್ತು ಕರೆಂಟು ಹೋದೊಡನೆ ಮಲಗುವ ಕೋಣೆಯಲ್ಲಿ ಸದ್ದು ಮಾಡುವ ಒಂದು ಸಣ್ಣ ಗಂಟೆ.

ಮನೆಯವರು ಮಾಡಬಹುದಾದದ್ದು

ಗಾಳಿ ಪಂಪ್ ಅಥವಾ ಏರೇಟರ್ ಇರುವವರು ಅದನ್ನು ಹಗಲಲ್ಲಿ ನಡೆಸಿ, ರಾತ್ರಿ ಕರೆಂಟು ಬಿಲ್ಲಿಗೆ ಹೆದರಿ ನಿಲ್ಲಿಸುವುದುಂಟು. ಹಸುರು ನೀರಿನ ಕೊಳದಲ್ಲಿ ಇದು ತಲೆಕೆಳಗಾದ ಕ್ರಮ. ಅದು ನಡೆಯಬೇಕಾದ್ದು ರಾತ್ರಿ ಹತ್ತರಿಂದ ಬಿಸಿಲು ಮೂಡುವವರೆಗೆ. ಅದರಲ್ಲೂ ನಸುಕಿನ ಮೂರರಿಂದ ಆರರವರೆಗೆ ಕಡ್ಡಾಯವಾಗಿ. ಬಯೋಫ್ಲಾಕ್ ತೊಟ್ಟಿಯಲ್ಲಿ ಮಾತ್ರ ಹಗಲು ರಾತ್ರಿ ಎಂಬ ಭೇದವಿಲ್ಲದೆ ನಡೆಯುತ್ತಲೇ ಇರಬೇಕು.

ಏರೇಟರ್ ಇಲ್ಲದವರಿಗೆ ಅಡಿಕೆ ತೋಟದ ಸ್ಪ್ರಿಂಕ್ಲರೇ ನೆರವಾದೀತು. ಕೊಳದ ನೀರನ್ನೇ ಎತ್ತಿ ಸ್ಪ್ರಿಂಕ್ಲರ್ ಮೂಲಕ ಮತ್ತೆ ಕೊಳದ ಮೇಲೆ ಚಿಮುಕಿಸಿದರೆ ಪ್ರತಿ ಹನಿಯೂ ಗಾಳಿಯನ್ನು ಹೀರಿಕೊಂಡು ಬೀಳುತ್ತದೆ. ಪಂಪಿನ ಬಾಯಿ ತಳದ ಕೆಸರನ್ನು ಕದಡದಂತೆ ಎತ್ತರದಲ್ಲಿರಬೇಕು. ಕೊಳವೆಬಾವಿಯ ನೀರನ್ನು ತುಂಬುವವರು ಗಮನಿಸಬೇಕು: ಅದು ಎಷ್ಟೇ ತಿಳಿಯಾಗಿ ತಂಪಾಗಿ ಕಂಡರೂ ನೆಲದಾಳದ ನೀರಿನಲ್ಲಿ ಆಮ್ಲಜನಕ ಸಾಮಾನ್ಯವಾಗಿ ಕಡಿಮೆ. ಕೊಳವೆಯನ್ನು ನೀರಿನೊಳಗೆ ಮುಳುಗಿಸದೆ, ಎತ್ತರದಿಂದ ಕಲ್ಲು ಅಥವಾ ತೂತು ಕೊರೆದ ತಗಡಿನ ಮೇಲೆ ಬೀಳಿಸಿ ಒಡೆದು ಹರಿಯಬಿಡಬೇಕು. ಬೇಸಿಗೆಯಲ್ಲೂ ಹರಿಯುವ ಸುರಂಗವಿರುವ ಮನೆಯವರು ಭಾಗ್ಯವಂತರು. ಸುರಂಗದ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುವುದರಿಂದ ಕರೆಂಟು ಇರಲಿ ಇಲ್ಲದಿರಲಿ ಒಂದು ಸಣ್ಣ ಧಾರೆ ರಾತ್ರಿಯಿಡೀ ಕೊಳಕ್ಕೆ ಬೀಳುತ್ತಿರುವಂತೆ ಮಾಡಬಹುದು. ನೂರಾರು ವರ್ಷ ನಮ್ಮ ಗುಡ್ಡಗಳ ಮನೆಗಳಿಗೆ ನೀರುಣಿಸಿದ ಆ ವ್ಯವಸ್ಥೆ ಈ ಹೊಸ ಕೆಲಸಕ್ಕೂ ಒದಗೀತು.

ಆಹಾರದ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಉಂಡ ಮೀನಿಗೆ ಜೀರ್ಣಿಸಲು ಹೆಚ್ಚು ಆಮ್ಲಜನಕ ಬೇಕು. ತಿನ್ನದೆ ಉಳಿದದ್ದು ಕೊಳೆತು ಅದೇ ಆಮ್ಲಜನಕವನ್ನು ಕಬಳಿಸುತ್ತದೆ. ಕಡುಬೇಸಿಗೆಯಲ್ಲಿ ಸಂಜೆಯ ಆಹಾರ ನಿಲ್ಲಿಸಿ, ಬಿಸಿಲೇರಿದ ಮೇಲೆ ಬೆಳಗ್ಗೆ ಸ್ವಲ್ಪ ಹಾಕಿದರೆ ಸಾಕು. ಒಂದೆರಡು ದಿನ ಉಪವಾಸವಿದ್ದರೆ ಮೀನು ಸಾಯುವುದಿಲ್ಲ. ಹಟ್ಟಿಯ ಸಗಣಿನೀರು ಕೊಳಕ್ಕೆ ಹರಿಯದಂತೆ ತಡೆಯಬೇಕು. ಕೊಳದ ಮೂರನೆಯ ಒಂದು ಭಾಗಕ್ಕೆ ನೆರಳುಬಲೆ ಕಟ್ಟುವುದು ಒಳ್ಳೆಯದು. ಆದರೆ ನೀರಿನ ಮೇಲ್ಮೈಯನ್ನು ಅಜೋಲ್ಲಾದಿಂದ ಪೂರ್ತಿ ಮುಚ್ಚಿದರೆ ಗಾಳಿಯೂ ಬೆಳಕೂ ಒಳಗೆ ಹೋಗದೆ ಕೇಡೇ ಹೆಚ್ಚು. ಪಾಚಿಯನ್ನು ಕೊಲ್ಲಲು ಮೈಲುತುತ್ತು ಹಾಕುವ ಅಭ್ಯಾಸವನ್ನಂತೂ ಬೇಸಿಗೆಯಲ್ಲಿ ಕೈಬಿಡಲೇಬೇಕು. ತಾಮ್ರ ಮೀನಿಗೆ ವಿಷ. ಅದರಿಂದ ಪಾರಾದ ಮೀನು ಸತ್ತ ಪಾಚಿ ಕೊಳೆಯುವಾಗ ಉಸಿರುಗಟ್ಟುತ್ತದೆ. ಮಳೆಗಾಲದ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವಾಗಲೂ ಹನಿಗಳು ಕೊಳಕ್ಕೆ ಬೀಳದಂತೆ ಎಚ್ಚರವಿರಲಿ.

ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುವುದು, ನೀರು ಬೀಳುವ ಜಾಗದಲ್ಲಿ ಗುಂಪುಗೂಡುವುದು, ಕಾಲಸಪ್ಪಳಕ್ಕೂ ಕೆಳಗಿಳಿಯದಿರುವುದು ಅಪಾಯದ ಲಕ್ಷಣಗಳು. ಆಗ ಆಹಾರ ನಿಲ್ಲಿಸಿ, ನೀರು ಚಿಮುಕಿಸಿ, ತಳದ ನೀರಿನ ನಾಲ್ಕನೆಯ ಒಂದು ಭಾಗವನ್ನು ಹೊರಹಾಕಿ ಹೊಸ ನೀರು ತುಂಬಬೇಕು. ಮುಗುಡು, ಅನಾಬಸ್‌ನಂತಹ ಮೀನುಗಳು ಮೇಲಿನ ಗಾಳಿಯನ್ನೇ ಉಸಿರಾಡಬಲ್ಲವಾದುದರಿಂದ ಅವು ಮೇಲೆ ಬಂದರೆ ಅಷ್ಟು ಗಾಬರಿ ಬೇಡ. ಕಾಟ್ಲಾ, ರೋಹು ಬಂದರೆ ತಡಮಾಡಬಾರದು.

ಮಕ್ಕಳಿಗೂ ಇಲ್ಲಿ ಕೆಲಸವಿದೆ. ಹಳೆಯ ಊಟದ ತಟ್ಟೆಗೆ ಕಪ್ಪು ಬಿಳುಪು ಬಣ್ಣ ಬಳಿದು ಹಗ್ಗ ಕಟ್ಟಿ ನೀರಿಗಿಳಿಸಿ, ಅದು ಕಣ್ಮರೆಯಾಗುವ ಆಳವನ್ನು ಅಳೆಯಲಿ. ಮೂವತ್ತು ನಲವತ್ತು ಸೆಂಟಿಮೀಟರ್‌ವರೆಗೆ ಕಂಡರೆ ಪಾಚಿ ಹದವಾಗಿದೆ. ಇಪ್ಪತ್ತರೊಳಗೆ ಮಾಯವಾದರೆ ನೀರು ಅತಿಯಾಗಿ ಹಸುರಾಗಿದೆ, ಆ ರಾತ್ರಿ ಎಚ್ಚರವಾಗಿರಬೇಕು. ಆದರೆ ಪಂಪ್, ವಯರುಗಳ ಹತ್ತಿರ ಮಕ್ಕಳನ್ನು ಬಿಡಬೇಡಿ. ಕೊಳದ ವಿದ್ಯುತ್ ಸಂಪರ್ಕಕ್ಕೆ ಸೋರಿಕೆಯಾದೊಡನೆ ಕಡಿತಗೊಳ್ಳುವ ಬ್ರೇಕರ್ ಇರಲೇಬೇಕು. ಸ್ವಿಚ್ ಆರಿಸದೆ ಯಾರೂ ನೀರಿಗೆ ಕೈ ಹಾಕಬಾರದು.

"ಆಮ್ಲಜನಕ ಕಡಿಮೆಯಾಯಿತು" ಎಂಬ ಉತ್ತರ ಸಾಲದು

ಮನೆಯ ಕೊಳದಿಂದ ಹೊಳೆಗೆ ಬಂದರೆ ಈ ತಿಳಿವಳಿಕೆಗೆ ಸಾರ್ವಜನಿಕ ಮಹತ್ವವೂ ಇದೆ. 2024ರ ಮೇ 20ರ ರಾತ್ರಿ ಎರ್ನಾಕುಳಂ ಜಿಲ್ಲೆಯ ಏಲೂರು–ಎಡಯಾರ್ ಕೈಗಾರಿಕಾ ಪ್ರದೇಶದ ಬಳಿ ಪೆರಿಯಾರ್ ನದಿಯಲ್ಲಿ ಅಪಾರ ಪ್ರಮಾಣದ ಮೀನು ಸತ್ತಿತು. ಪಂಜರಗಳಲ್ಲಿ ಮೀನು ಸಾಕಿದ್ದ ಕುಟುಂಬಗಳು ಕಟಾವಿನ ಹೊಸ್ತಿಲಲ್ಲಿ ಎಲ್ಲವನ್ನೂ ಕಳೆದುಕೊಂಡವು. ಪಾತಾಳಂ ರೆಗ್ಯುಲೇಟರಿನ ಬಾಗಿಲು ತೆರೆದಾಗ ಕೆಳಗೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದುದೇ ಕಾರಣವೆಂದು ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತು. ಕೇರಳ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಅಮೋನಿಯಾ ಅಪಾಯಕಾರಿ ಪ್ರಮಾಣದಲ್ಲಿ ಕಂಡುಬಂದವು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತಾಗಲೂ ಆಮ್ಲಜನಕದ ಕುಸಿತದ ಮಾತು ಬಂದಿತ್ತು. ಆ ಕುಸಿತದ ಹಿಂದೆ ಕೆರೆಗೆ ಸೇರುತ್ತಿದ್ದ ಕೊಳಚೆನೀರಿತ್ತು.

ಆಮ್ಲಜನಕ ಕಡಿಮೆಯಾಯಿತೆನ್ನುವುದು ಸಾವಿನ ವಿವರಣೆ. ಅದನ್ನು ಕಡಿಮೆ ಮಾಡಿದ್ದು ಯಾರು, ಯಾವುದು ಎಂಬ ಪ್ರಶ್ನೆ ಅಲ್ಲಿಂದ ಆರಂಭವಾಗಬೇಕು. ಸಾಮಾನ್ಯರೂ ಗಮನಿಸಬಹುದಾದ ಕೆಲವು ಗುರುತುಗಳಿವೆ. ಆಮ್ಲಜನಕದ ಕೊರತೆಯಲ್ಲಿ ಸಾವು ಹೆಚ್ಚಾಗಿ ನಸುಕಿನಲ್ಲಿ ಸಂಭವಿಸುತ್ತದೆ, ದೊಡ್ಡ ಮೀನು ಮೊದಲು ಸಾಯುತ್ತದೆ, ಗಾಳಿ ಉಸಿರಾಡುವ ಮುಗುಡು ಉಳಿಯುತ್ತದೆ. ದಿನದ ಯಾವುದೇ ಹೊತ್ತಿನಲ್ಲಿ ಚಿಕ್ಕದು ದೊಡ್ಡದೆನ್ನದೆ ಎಲ್ಲವೂ, ಕಪ್ಪೆ ಏಡಿಗಳ ಸಹಿತ, ಸತ್ತರೆ ವಿಷವನ್ನು ಶಂಕಿಸಬೇಕು. ನೀರಿನ ಮಾದರಿಯನ್ನು ಆ ಕೂಡಲೇ ಶುಚಿಯಾದ ಬಾಟಲಿಯಲ್ಲಿ ತುಂಬಿ ತಂಪಾಗಿಟ್ಟು ಪರೀಕ್ಷೆಗೆ ಒತ್ತಾಯಿಸಬೇಕು. ಎಂಡೋಸಲ್ಫಾನ್ ಮೀನಿಗೆ ಅತ್ಯಂತ ಮಾರಕ ವಿಷಗಳಲ್ಲೊಂದು. ಅದರ ಸಿಂಪಡಣೆಯ ಫಲವನ್ನು ಇನ್ನೂ ಉಣ್ಣುತ್ತಿರುವ ಎಣ್ಮಕಜೆ, ಬೆಳ್ಳೂರುಗಳ ಜನರಿಗೆ, ತೋಡಿನಲ್ಲಿ ಸತ್ತ ಮೀನನ್ನು ಹಗುರಾಗಿ ಕಾಣಬಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಭಾಷೆಯ ಪ್ರಶ್ನೆ ಎಲ್ಲಿ ಬರುತ್ತದೆ

ಇಲ್ಲಿಯವರೆಗೆ ಹೇಳಿದ ಯಾವ ಸಂಗತಿಯೂ ಗಹನವಾದುದಲ್ಲ. ಆದರೆ ಇದರಲ್ಲಿ ಗಂಟೆ, ಪ್ರಮಾಣ, ಮಾಡಬೇಕಾದ್ದು, ಮಾಡಬಾರದ್ದು ಎಂಬ ನಿಖರತೆಯಿದೆ. ಮಲಯಾಳ ಮಾತು ತಿಳಿದರೂ ಲಿಪಿ ಓದಲು ಬಾರದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ತರಬೇತಿಯಲ್ಲಿ ಕೇಳಿದ್ದು ಅರ್ಧ ನೆನಪಿರುತ್ತದೆ. ಕೊಟ್ಟ ಕರಪತ್ರ ಮಲಯಾಳದಲ್ಲಿ ಮಾತ್ರವಿದ್ದರೆ ಅದು ಕಪಾಟಿನಲ್ಲಿ ಉಳಿಯುತ್ತದೆ. ನಡುರಾತ್ರಿ ಪಂಪ್ ನಿಂತಾಗ ಅದನ್ನು ತೆಗೆದು ಓದುವವರಿರುವುದಿಲ್ಲ. ಮನೆಯಲ್ಲಿ ಓದಬಲ್ಲ ಮಗುವಿದೆ, ಆದರೆ ಆ ಮಗುವಿನ ವಿಜ್ಞಾನದ ಶಬ್ದಗಳು ಕನ್ನಡದವು. ಹೀಗೆ ತಿಳಿವಳಿಕೆಯೂ ಅದನ್ನು ಬಳಸಬೇಕಾದ ಕುಟುಂಬವೂ ಒಂದೇ ಸೂರಿನಡಿಯಲ್ಲಿದ್ದು ಪರಸ್ಪರ ಭೇಟಿಯಾಗುವುದಿಲ್ಲ.

ನಾವು ಕೇಳುವುದು ದಯೆಯನ್ನಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು ಮತ್ತು ಕನ್ನಡದಲ್ಲಿ ಉತ್ತರ ಪಡೆಯಲು ಅವಕಾಶ ನೀಡಿದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಈ ಹಕ್ಕುಗಳನ್ನು ನಾವು ಶಾಲೆ, ಅಧ್ಯಾಪಕರ ನೇಮಕಾತಿ, ಪಿಎಸ್‌ಸಿ ಪರೀಕ್ಷೆಗಳ ವಿಷಯದಲ್ಲಿ ನೆನೆಯುತ್ತೇವೆ. ಅದು ಸರಿಯೇ. ಆದರೆ ಭಾಷೆ ಶಾಲೆಯ ಗೇಟಿನೊಳಗೆ ಮಾತ್ರ ಬದುಕಲಾರದು. ಕೃಷಿ, ಆರೋಗ್ಯ, ವಿದ್ಯುತ್ತು, ಮೀನು ಸಾಕಣೆಯ ತಿಳಿವಳಿಕೆ ಕನ್ನಡದಲ್ಲಿ ಸಿಗದಿದ್ದರೆ, "ಕನ್ನಡ ಕಲಿತು ಏನು ಪ್ರಯೋಜನ?" ಎಂದು ಕೇಳುವ ಹೆತ್ತವರಿಗೆ ನಾವು ಕೊಡುವ ಉತ್ತರ ದುರ್ಬಲವಾಗುತ್ತದೆ.

ಆದುದರಿಂದ ಮುಂದಿನ ಗ್ರಾಮಸಭೆಯಲ್ಲಿ ಮೂರು ಬೇಡಿಕೆಗಳನ್ನು ಕನ್ನಡದಲ್ಲಿಯೇ ಬರೆದು ಮಂಡಿಸೋಣ. ಮೊದಲನೆಯದು, ಕನ್ನಡ ಬಲ್ಲ ಕುಟುಂಬಗಳಿರುವ ಪಂಚಾಯತುಗಳಲ್ಲಿ ಮತ್ಸ್ಯಭವನದ ಸೂಚನಾಪತ್ರ, ತರಬೇತಿಯ ಪಾಠ, ಬೇಸಿಗೆಯ ಎಚ್ಚರಿಕೆಗಳು ಕನ್ನಡದಲ್ಲೂ ದೊರೆಯಬೇಕು. ಎರಡನೆಯದು, ನೆರವು ಪಡೆಯುವ ಪ್ರತಿಯೊಂದು ಬಯೋಫ್ಲಾಕ್ ಘಟಕದ ಅಂದಾಜಿನಲ್ಲಿ ಬ್ಯಾಟರಿ ಮತ್ತು ಎಚ್ಚರಿಕೆಯ ಗಂಟೆ ಸೇರಿರಬೇಕು. ಮೂರನೆಯದು, ಕರಗಿದ ಆಮ್ಲಜನಕವನ್ನು ಅಳೆಯುವ ಒಂದು ಮೀಟರಾದರೂ ಪ್ರತಿ ಪಂಚಾಯತಿನಲ್ಲಿದ್ದು ಸಾಕಣೆದಾರರಿಗೂ ಶಾಲೆಗಳಿಗೂ ಬಳಕೆಗೆ ಸಿಗಬೇಕು. ಮನವಿಗೆ ದಿನಾಂಕ ಹಾಕಿ ಸ್ವೀಕೃತಿ ಪಡೆಯಿರಿ. ಕನ್ನಡದಲ್ಲಿ ಬಂದ ಉತ್ತರವನ್ನು ಜೋಪಾನವಾಗಿಡಿ, ಬಾರದಿದ್ದರೆ ಅದನ್ನೂ ದಾಖಲಿಸಿ.

ಉತ್ತರ ಬರುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸವೂ ಇದೆ. ಕನ್ನಡ ಶಾಲೆಗಳ ಅಧ್ಯಾಪಕರು ಬೇಸಿಗೆ ರಜೆಗೆ ಮುಂಚಿನ ಒಂದು ತರಗತಿಯನ್ನು ಇದಕ್ಕೆ ಮೀಸಲಿಡಲಿ. ಕೊಳವಿರುವ ಮನೆಯ ಮಕ್ಕಳು ಅಪಾಯದ ಲಕ್ಷಣಗಳನ್ನೂ ತುರ್ತು ಕ್ರಮಗಳನ್ನೂ ತಮ್ಮ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಪಂಪಿನ ಸ್ವಿಚ್ಚಿನ ಪಕ್ಕದ ಗೋಡೆಗೆ ಅಂಟಿಸಲಿ. ನಸುಕಿನ ಮೂರು ಗಂಟೆಗೆ ಟಾರ್ಚ್ ಹಿಡಿದು ಬರುವ ಅಜ್ಜನಿಗೂ ಅಮ್ಮನಿಗೂ ಅದು ಓದಲು ಬರುತ್ತದೆ.